ಚೀಟಿಯ ಕೊನೆಯ ಸಾಲು

ಕಳೆದ ದಸರಾ ಮುಗಿದ ಮಾರನೆಯ ದಿನ ನಂಜನಗೂಡಿನ ಒಂದು ಬ್ಯಾಂಕಿಗೆ ಹೋಗಿದ್ದೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದಿತ್ತು, ಅಷ್ಟೆ. ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಬಾಡಿ ಬಾಗಿತ್ತು. ಕೌಂಟರಿನ ಹಿಂದಿದ್ದ ಒಂದೊಂದು ಕಂಪ್ಯೂಟರಿನ ಹಣೆಗೂ ವಿಭೂತಿ, ನಡುವೆ ಕುಂಕುಮ. ಅಲ್ಲಿ ಕೂತಿದ್ದ ಹೆಣ್ಣುಮಗಳು ಮುಖ ಎತ್ತದೆ, "ಸರ್ವರ್ ಡೌನ್ ಆಗಿದೆ ಮೇಡಂ, ಮಧ್ಯಾಹ್ನದ ಮೇಲೆ ಬನ್ನಿ" ಎಂದಳು. ಸಾಲಿನಲ್ಲಿ ನನ್ನ ಹಿಂದಿದ್ದ ಹಿರಿಯರೊಬ್ಬರು, "ಪೂಜೆ ಮಾಡುಸ್ಕಂಡು ಓಳ್ಗೆ ಉಂಡು ಮನಿಕಂಡದೆ ಕಣ್ರೀ ಅದು, ಎದ್ದಾಗ ಏಳ್ತದೆ ಬುಡಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕವಳು ಮನೆಗೆ ಹೋಗದೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಕೂರಿಸಿದ್ದು ವಾಸನೆ. ಕಂಪ್ಯೂಟರಿನ ಬಿಸಿ ಧೂಳು, ಕರ್ಪೂರದ ಹೊಗೆ, ಬಾಡಿದ ಸೇವಂತಿಗೆ, ಮೂರೂ ಸೇರಿದರೆ ಒಂದು ವಾಸನೆ ಬರುತ್ತದೆ. ನನ್ನ ಪಾಲಿಗೆ ಅದು ಒಂದೇ ಒಂದು ವರ್ಷದ ವಾಸನೆ.

ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ಆ ಹೆದರಿಕೆಗೇ ನಂಜನಗೂಡಿನ ನಮ್ಮ ನೂಲಿನ ಮಿಲ್ಲಿಗೆ ಸಂಕ್ರಾಂತಿ ಕಳೆದ ಮೇಲೆ ಹೊಸ ಸರ್ವರ್ ತರಿಸಿದ್ದರು. ಮಿಲ್ಲಿನವರ ಬಾಯಲ್ಲಿ ಅದು 'ದೊಡ್ಡ ಮಿಷನ್ನು'. ಹಾಜರಿ ಆಫೀಸು, ಸ್ಟೋರು, ತೂಕದ ಮನೆ, ಲಾರಿ ಗೇಟು, ಇಷ್ಟೂ ಕಡೆಯ ಸಣ್ಣ ಕಂಪ್ಯೂಟರುಗಳು ಇದನ್ನು ಕೇಳಿಕೊಂಡೇ ಕೆಲಸ ಮಾಡಬೇಕು. ಯಾರು ಏನು ಕೇಳಬಹುದು, ಯಾರ ಚೀಟಿ ಯಾವ ಪ್ರಿಂಟರಿನಲ್ಲಿ ಬರಬೇಕು ಎಂಬುದನ್ನೆಲ್ಲ ಅದಕ್ಕೆ ಮೊದಲೇ ಹೇಳಿಕೊಟ್ಟಿರಬೇಕು. ಹಾಗೆ ಹೇಳಿಕೊಡುವುದಕ್ಕೇ ಸೆಟಿಂಗ್ ಎನ್ನುವುದು. ಹೇಳಿಕೊಟ್ಟವರು ನಮ್ಮ ಯಜಮಾನರು.

ಅವರು ಮಿಲ್ಲಿನ ಕಂಪ್ಯೂಟರ್ ಆಪರೇಟರು. ಸೆಟಿಂಗ್ ಮುಗಿಸಲು ಶಿವರಾತ್ರಿ ಕಳೆಯುವವರೆಗೂ ಕೂತಿದ್ದರು. "ಇನ್ನು ಇದನ್ನೆಲ್ಲ ಒಂದು ಫ್ಲಾಪಿಗೆ ತೆಗೆದಿಟ್ಟುಬಿಟ್ಟರೆ ನೆಮ್ಮದಿ, ಅಲ್ಲೀವರೆಗೂ ಆ ಮಿಷನ್ನಿಗೆ ಏನೂ ಆಗಬಾರದು ನೋಡು" ಎಂದು ಊಟಕ್ಕೆ ಕೂತಾಗ ಒಂದೆರಡು ಸಲ ಅಂದಿದ್ದರು. ಮಿಷನ್ನಿಗೆ ಏನೂ ಆಗಲಿಲ್ಲ. ಯುಗಾದಿ ಕಳೆದ ವಾರ ಬನ್ನೂರಿಗೆ, ತಾಯಿಯನ್ನು ನೋಡಿಬರುತ್ತೇನೆಂದು ಸ್ಕೂಟರಿನಲ್ಲಿ ಹೊರಟವರು ಟಿ. ನರಸೀಪುರ ದಾಟುವ ಮೊದಲೇ ಲಾರಿಗೆ ಸಿಕ್ಕಿದರು.

ಅಸ್ಥಿಯನ್ನು ನರಸೀಪುರದ ಸಂಗಮದಲ್ಲೇ ಬಿಟ್ಟರು. ನಾನು ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದೆ. ಬಿಸಿಲಿಗೆ ಕಲ್ಲು ಕಾದಿತ್ತು. ಅಳು ಬರಲಿಲ್ಲ. ಬಂದಿದ್ದರೆ ಅಳುತ್ತಿದ್ದೆ, ತಡೆದುಕೊಳ್ಳುವಂಥ ಗಟ್ಟಿಗಿತ್ತಿಯೇನಲ್ಲ ನಾನು. ಬರಲಿಲ್ಲ, ಅಷ್ಟೆ. "ಕಲ್ಲು ಕಣವ್ವ ಅವ್ಳು, ಕಲ್ಲು" ಎಂದು ಹಿಂದಿನಿಂದ ಯಾರೋ ಅಂದದ್ದು ಕಿವಿಗೆ ಬಿತ್ತು. ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಅಲ್ಲದೆ ನನಗೂ ಹಾಗೇ ಅನ್ನಿಸಿತ್ತು.

ಮನೆಯವರಲ್ಲಿ ಒಬ್ಬರಿಗೆ ಆ ಜಾಗ ಕೊಡುತ್ತೇವೆ ಎಂದು ಮಿಲ್ಲಿನವರು ಹೇಳಿ ಕಳುಹಿಸಿದರು. ಒಬ್ಬರಿಗೆ ಎಂದ ಕೂಡಲೇ ನಾವು ಇಬ್ಬರಾದೆವು. ನಾನೊಬ್ಬಳು, ಬನ್ನೂರಿನಲ್ಲಿದ್ದ ಮೈದುನ ಮಹೇಶ ಒಬ್ಬ. ನಾನು ಬಿ.ಎಸ್ಸಿ. ಮುಗಿಸಿ ಮದುವೆಗೆ ಮುಂಚೆ ಮೈಸೂರಿನಲ್ಲಿ ಒಂದಿಷ್ಟು ಕಂಪ್ಯೂಟರ್ ಕಲಿತಿದ್ದೆ. ಮಹೇಶ ಐಟಿಐ ಮಾಡಿಕೊಂಡು ಅಲ್ಲಿ ಇಲ್ಲಿ ಅಲೆಯುತ್ತಿದ್ದ. ನಮ್ಮತ್ತೆ ಪುಟ್ಟಮ್ಮನವರ ಮನಸ್ಸು ಮಗನ ಕಡೆಗಿತ್ತು. ಇದ್ದ ಇಬ್ಬರಲ್ಲಿ ಒಬ್ಬ ಹೋದಮೇಲೆ ಉಳಿದವನ ಕಡೆ ತಾಯಿಯ ಮನಸ್ಸು ವಾಲದೆ ಇನ್ನೆತ್ತ ವಾಲುತ್ತದೆ? ಮ್ಯಾನೇಜರ್ ವೆಂಕಟೇಶಯ್ಯನವರು ಇಬ್ಬರನ್ನೂ ಕೂರಿಸಿ, "ಕಂಪ್ಯೂಟರ್ ಗೊತ್ತಿರೋದು ಈಕೆಗೆ. ದಸರಾವರೆಗೂ ಟೆಂಪರರಿ ಆಗಿ ಮಾಡಲಿ. ಕೆಲಸ ನೋಡ್ತೀನಿ. ಸರಿಹೋದರೆ ಕಾಯಂ, ಇಲ್ಲದಿದ್ದರೆ ಮಹೇಶ" ಎಂದು ತೀರ್ಮಾನ ಹೇಳಿದರು.

ಆ ಕುರ್ಚಿ ತಪ್ಪಿದರೆ ನನಗೇನು ಉಳಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬನ್ನೂರಿನ ಮನೆಯ ಒಂದು ಮೂಲೆ, ಇಲ್ಲವೇ ಕವಲಂದೆಯ ತವರಿನ ಒಂದು ಮೂಲೆ. ಅಲ್ಲಿ ಮೈದುನನಿಗೆ ಬರುವ ಹೆಂಡತಿಯ ಮುಖ ನೋಡಿಕೊಂಡಿರಬೇಕು, ಇಲ್ಲಿ ಅತ್ತಿಗೆಯರ ಮುಖ. ಇಷ್ಟು ಗೊತ್ತಿದ್ದೂ ಭಯವಾಗಲಿಲ್ಲ. ಆ ವರ್ಷ ನನಗೆ ಭಯವಾಗಲಿ ಹಸಿವಾಗಲಿ ಯಾವುದೂ ಒಳಗೆ ಇಳಿಯುತ್ತಿರಲಿಲ್ಲ.

ಮುಂಗಾರು ಶುರುವಾಗುವ ಹೊತ್ತಿಗೆ ಕೆಲಸಕ್ಕೆ ಸೇರಿದೆ. ಒಂಟಿ ಹೆಣ್ಣು ಎಂದು ನಮ್ಮತ್ತೆ ನಂಜನಗೂಡಿನ ನಮ್ಮ ಬಾಡಿಗೆ ಮನೆಗೆ ಬಂದು ನನ್ನ ಜೊತೆ ಇದ್ದರು. ಕಾವಲಿಗೋ, ಜೊತೆಗೋ, ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುದ್ದೆ ಮಾಡಿಡುತ್ತಿದ್ದರು, ಉಣ್ಣುತ್ತಿದ್ದೆ. "ಉಪ್ಪು ಸರ್ಯಾಗದಾ?" ಎಂದರೆ "ಆಗಿದೆ" ಎನ್ನುತ್ತಿದ್ದೆ. ಆಗಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಮಿಲ್ಲಿನಲ್ಲಿ ಕೆಲಸ ಕಷ್ಟವೇನಿರಲಿಲ್ಲ. ಬೆಳಿಗ್ಗೆ ದೊಡ್ಡ ಮಿಷನ್ನಿನ ಮುಂದೆ ಕೂತು ಹೆಸರು ಬರೆದು ಒಳಗೆ ಹೋಗಬೇಕು. ಸಂಜೆ ಅಂದಿನ ಲೆಕ್ಕವೆಲ್ಲ ಒಂದು ಟೇಪಿಗೆ ನಕಲಾಗುವಂತೆ ಮಾಡಿ, ಟೇಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಇದು ಬ್ಯಾಕಪ್ಪು. ಇದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಟೇಪಿಗೆ ಹೋಗುತ್ತಿದ್ದುದು ಲೆಕ್ಕ ಮಾತ್ರ, ಸೆಟಿಂಗ್ ಅಲ್ಲ. ಅದನ್ನೂ ತೆಗೆದಿಡುವುದು ಹೇಗೆಂದು ಮೈಸೂರಿನಿಂದ ರಿಪೇರಿಗೆ ಬರುತ್ತಿದ್ದ ಎಂಜಿನಿಯರನ್ನು ಕೇಳಿದೆ. "ಓಡ್ತಾ ಇದೆಯಲ್ಲ ಮೇಡಂ? ಓಡೋದನ್ನ ಮುಟ್ಟೋಕೆ ಹೋಗಬೇಡಿ" ಎಂದು ಚಹಾ ಕುಡಿದು ಹೋದ. ನಾನೂ ಮುಟ್ಟಲಿಲ್ಲ. ಓಡುತ್ತಿರುವುದನ್ನು ಮುಟ್ಟಬಾರದು ಎಂಬುದು ನನಗೂ ಆ ದಿನಗಳಲ್ಲಿ ಹಿಡಿಸಿದ ಮಾತು.

ಒಂದು ವಿಷಯ ಹೇಳಬೇಕು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದವಳು ನಾನು. ಆದರೆ ಆ ಮಿಷನ್ನಿಗೆ ಎಲ್ಲ ಬಾಗಿಲೂ ತೆರೆಯುತ್ತಿದ್ದುದು ಅವರ ಹೆಸರಿಗೆ ಮಾತ್ರ. ಹಾಗಾಗಿ ದಿನಾ ಬೆಳಿಗ್ಗೆ ಬಾಯಲ್ಲಿ ಹೇಳದ ಹೆಸರನ್ನು ಬೆರಳಲ್ಲಿ ಹೇಳುತ್ತಿದ್ದೆ. ಶಿವಮಲ್ಲು. ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು. ಬರೆದ ಕೂಡಲೇ ಮಿಷನ್ನು ಒಳಗೆ ಬಿಡುತ್ತಿತ್ತು. ಅದರ ಪ್ರಕಾರ ಅವರು ದಿನಾ ಕೆಲಸಕ್ಕೆ ಬರುತ್ತಿದ್ದರು, ರಜೆಯನ್ನೇ ಹಾಕದೆ. ಲಾರಿಯವರಿಗೆ ಕೊಡುವ ಗೇಟ್ ಚೀಟಿಯಿಂದ ಹಿಡಿದು ಎಲ್ಲ ಕಾಗದದ ಕೊನೆಯ ಸಾಲಿನಲ್ಲೂ 'ತಯಾರಿಸಿದವರು' ಎಂದು ಅವರ ಹೆಸರೇ ಬರುತ್ತಿತ್ತು. ಬದಲಾಯಿಸಿ ಎಂದು ಯಾರೂ ಹೇಳಲಿಲ್ಲ. ಅವರ ಮಾತನ್ನೇ ಯಾರೂ ನನ್ನೆದುರು ಎತ್ತುತ್ತಿರಲಿಲ್ಲ. ನಾನು ಹೋದರೆ ಮಾತು ನಿಲ್ಲುತ್ತಿತ್ತು, ಮಳೆಯ ಮಾತು ಶುರುವಾಗುತ್ತಿತ್ತು.

ಹಾಳಾದ ಪ್ರಿಂಟಿನ ಕಾಗದವನ್ನು ಮನೆಗೆ ತರುತ್ತಿದ್ದೆ. ಅವರೂ ತರುತ್ತಿದ್ದರು. ಅಗಲ ಕಾಗದ, ಅಡುಗೆಮನೆಯ ಹಲಗೆಗೆ ಹಾಸಲು ಹೇಳಿಮಾಡಿಸಿದ ಹಾಗಿರುತ್ತಿತ್ತು. ಡಬ್ಬಿಗಳ ಕೆಳಗೆ, ಉಪ್ಪಿನ ಜಾಡಿಯ ಕೆಳಗೆ ಅದೇ ಕಾಗದ. ನಮ್ಮತ್ತೆಗೆ ಅಕ್ಷರ ಬಾರದು. ಆದರೂ ಮಗ ಒಮ್ಮೆ ಕೊನೆಯ ಸಾಲು ತೋರಿಸಿ, ಇದು ನನ್ನ ಹೆಸರು ಕಣವ್ವ ಎಂದಿದ್ದನ್ನು ನೆನಪಿಟ್ಟುಕೊಂಡಿದ್ದರು. ಕಾಗದ ಹಾಸುವಾಗ ಆ ಸಾಲು ಅಂಚಿಗೆ, ಕಾಣುವ ಹಾಗೆ ಬರುವಂತೆ ಮಡಚುತ್ತಿದ್ದರು.

ಶ್ರಾವಣದಲ್ಲಿ ಕಪಿಲೆ ತುಂಬಿ ಬಂದಳು. ಊರಿಗೆ ಊರೇ ಸೇತುವೆಯ ಮೇಲೆ ನಿಂತು ನೋಡಿತು. ಸ್ಟೋರಿನ ಸರೋಜಮ್ಮ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದರು. ಕೆಂಪು ನೀರು, ಅದರಲ್ಲಿ ಬುಡಸಮೇತ ಬಂದ ಮರ, ಯಾರದೋ ಹುಲ್ಲಿನ ಮೆದೆ. "ಎಂಗದೆ ನೋಡವ್ವ!" ಎಂದರು ಸರೋಜಮ್ಮ. ಜಾಸ್ತಿ ಇದೆ ಎಂದೆ. ಅವರು ನನ್ನ ಮುಖ ನೋಡಿ, ಕೈಹಿಡಿದು ವಾಪಸು ಕರೆತಂದರು.

ಹೀಗೆ ಮಳೆಗಾಲ ಕಳೆದು ದಸರಾ ಬಂತು. ಆಯುಧಪೂಜೆಯ ದಿನ ಮಿಲ್ಲಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಮಿಷನ್ನನ್ನು ಯಾರು ಓಡಿಸುತ್ತಾರೋ ಅವರೇ ಅದನ್ನು ಒರೆಸಿ, ಕುಂಕುಮವಿಟ್ಟು, ಹೂ ಹಾಕಬೇಕು. ಪೂಜೆಯ ಹೊತ್ತಿನಲ್ಲಿ ಮಿಲ್ಲಿನ ಒಳಗೆ ಒಂದು ಫ್ಯಾನು ಕೂಡ ತಿರುಗಬಾರದು. ಮಂಗಳಾರತಿಯಾಗಿ, ಗೇಟಿನಲ್ಲಿ ಬೂದುಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿದ ಮೇಲೂ ಆ ದಿನ, ಮಾರನೆಯ ದಿನ ಎಲ್ಲಕ್ಕೂ ರಜ.

ನಾನು ಹಿಂದಿನ ದಿನವೇ ಎಲೆಕ್ಟ್ರಿಷಿಯನ್ ನಂಜಪ್ಪನವರಿಗೆ ಹೇಳಿದ್ದೆ. "ಅಣ್ಣ, ದೊಡ್ಡ ಮಿಷನ್ನನ್ನ ಆರಿಸಬೇಡಿ. ಆರಿಸಲೇಬೇಕು ಅಂದರೆ ನನ್ನ ಕರೀರಿ. ಅದಕ್ಕೆ ಒಳಗಿಂದ ಹೇಳಿ ಮಲಗಿಸಬೇಕು, ಸ್ವಿಚ್ ಕಿತ್ತರೆ ಆಗಲ್ಲ." ನಂಜಪ್ಪ ತಲೆಯಾಡಿಸಿದ್ದರು. ನಮ್ಮ ಯಜಮಾನರಿಗೆ ಬಹಳ ಬೇಕಾದವರು ಅವರು. ಮಧ್ಯಾಹ್ನದ ಊಟ ಇಬ್ಬರದೂ ಒಂದೇ ಬೆಂಚಿನ ಮೇಲೆ.

ಪೂಜೆಯ ದಿನ ಒರೆಸುವ ಬಟ್ಟೆ ಹಿಡಿದು ನಾನು ಕಂಪ್ಯೂಟರ್ ರೂಮಿನ ಬಾಗಿಲಿಗೆ ಬಂದೆ. ಒಳಗೆ ಪುರೋಹಿತರಿದ್ದರು, ತಟ್ಟೆ ಹಿಡಿದ ಹೆಂಗಸರಿದ್ದರು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ವೆಂಕಟೇಶಯ್ಯನವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮಣಿ, ಈ ವರ್ಷ ಒಂದು ಸ್ವಲ್ಪ ಆಚೆ ಇರಿಯಮ್ಮ. ಬೇಜಾರ್ ಮಾಡ್ಕೋಬೇಡಿ" ಎಂದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಗಂಡ ಸತ್ತು ವರ್ಷ ತುಂಬದವಳು ಕುಂಕುಮದ ಬಟ್ಟಲು ಮುಟ್ಟುವುದು ಹೇಗೆ, ಅವರ ಕಷ್ಟ ಅವರಿಗೆ. ಬಟ್ಟೆಯನ್ನು ಅಲ್ಲಿದ್ದವರ ಕೈಗೆ ಕೊಟ್ಟು ವರಾಂಡದ ಕೊನೆಯಲ್ಲಿ ನಿಂತೆ. ಸರೋಜಮ್ಮ ಎಲ್ಲರಿಗೂ ಹೂ ಕುಂಕುಮ ಕೊಡುತ್ತಾ ಬಂದು, ನನ್ನ ಮುಂದೆ ತಡವರಿಸಿ, ಎರಡು ಪೊಟ್ಟಣ ಕಡ್ಲೆಪುರಿ ಕೊಟ್ಟರು. ಹೂವಿನ ಬದಲು ಒಂದು ಹೆಚ್ಚಿನ ಪೊಟ್ಟಣ. ನಗು ಬರಬೇಕಿತ್ತು.

ನಾನು ಒಳಗಿಲ್ಲದೆ ಇದ್ದುದರಿಂದ ದೊಡ್ಡ ಮಿಷನ್ನಿನ ಪೂಜೆಯನ್ನು ನಂಜಪ್ಪ ತಾವೇ ವಹಿಸಿಕೊಂಡರು. ಗೆಳೆಯನ ಮಿಷನ್ನಲ್ಲವೇ. ಚೆನ್ನಾಗಿ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಮಾರುದ್ದದ ಸೇವಂತಿಗೆ ಹಾರ ಸುತ್ತಿದರು. ಆರತಿ ಎತ್ತುವ ಹೊತ್ತಿಗೆ, ಇದೊಂದು ಉಸಿರಾಡುತ್ತಿರುವಾಗ ಪೂಜೆಯೆಂಥದ್ದು ಎಂದು ಅವರಿಗೆ ಅನ್ನಿಸಿತಂತೆ. ಮೇನ್ ಸ್ವಿಚ್ಚು ಎಳೆದರು, ಬ್ಯಾಟರಿಯ ಸ್ವಿಚ್ಚನ್ನೂ ಎಳೆದರು. ನನ್ನನ್ನು ಕರೆಯೋಣವೆಂದರೆ ಆಚೆ ಇರಲು ಹೇಳಿಯಾಗಿತ್ತು.

ರಜ ಮುಗಿದು ಮಿಲ್ಲು ತೆರೆದ ಬೆಳಿಗ್ಗೆ ಮಿಷನ್ನು ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದು ನಿಂತಲ್ಲೇ ನಿಲ್ಲುತ್ತಿತ್ತು. ರೂಮಿನ ತುಂಬ ಆ ವಾಸನೆ. ಮೈಸೂರಿನಿಂದ ಎಂಜಿನಿಯರ್ ಬಂದು, ಮಧ್ಯಾಹ್ನದವರೆಗೂ ಗುದ್ದಾಡಿ, ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದ. ನನ್ನ ಟೇಪಿನಿಂದ ಲೆಕ್ಕವೆಲ್ಲ ಒಂದಕ್ಷರ ಬಿಡದೆ ವಾಪಸು ಬಂತು. ಸೆಟಿಂಗ್ ಬರಲಿಲ್ಲ. ಮಿಷನ್ನಿಗೆ ಸ್ಟೋರೂ ಗೊತ್ತಿಲ್ಲ, ಗೇಟೂ ಗೊತ್ತಿಲ್ಲ, ಯಾರ ಗುರುತೂ ಇಲ್ಲ.

"ಇದನ್ನೆಲ್ಲ ಸೆಟ್ ಮಾಡಿದೋರು ಯಾರು ಸರ್? ಅವರನ್ನ ಒಂದು ಸಲ ಕರೆಸಿಬಿಡಿ, ಬೇಗ ಆಗತ್ತೆ" ಎಂದ ಎಂಜಿನಿಯರ್.

ವೆಂಕಟೇಶಯ್ಯನವರು ನೆಲ ನೋಡಿದರು. "ಅವರು ಬರೋದಿಲ್ಲ. ನಾನು ಮಾಡ್ತೀನಿ" ಎಂದೆ. ನನ್ನ ದನಿ ನನಗೇ ಪಕ್ಕದ ರೂಮಿನಿಂದ ಬಂದಂತೆ ಕೇಳಿತು.

ಕೆಟ್ಟ ಸುದ್ದಿಗೆ ಕಾಲು ಬೇಗ. ಮಾರನೆಯ ದಿನವೇ ಮಹೇಶ ಮ್ಯಾನೇಜರ ಎದುರು ನಿಂತಿದ್ದ. ನನ್ನನ್ನೂ ಕರೆಸಿದರು. ಅವನು ನನ್ನ ಕಡೆ ನೋಡದೆ ಮಾತಾಡಿದ. "ಸಾ, ಅತ್ಗೆ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ನೀವೇ ನೋಡಿ, ಒಂದು ಚೀಟೀಲಾದ್ರೂ ಅವ್ರ ಎಸ್ರು ಅದೆಯಾ? ನಮ್ ಮನೆ ಅಲ್ಗೆ ಮ್ಯಾಲೆ ಆಸಿರೋ ಕಾಗದ್ದಲ್ಲೂ ನಮ್ಮಣ್ಣನ ಎಸ್ರೇ. ನಮ್ಮಣ್ಣ ಮಾಡಿಟ್ಟೋಗಿದ್ದು ಓಡ್ತಿತ್ತು. ಈಗ ಅದೂ ನಿಂತೋಯ್ತು. ಇವ್ರು ಮಾಡಿದ್ದೇನು?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸೊರಗಿದ ಮುಖ, ಅಣ್ಣನ ಹಳೆಯ ಶರ್ಟು ಹಾಕಿಕೊಂಡಿದ್ದ. ಆ ಶರ್ಟಿನ ಕಾಲರನ್ನು ತಿರುಗಿಸಿ ಹೊಲಿದವಳು ನಾನು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. "ಗೇಟಿನಲ್ಲಿ ಲಾರಿಗಳು ನಿಂತಿವೆಯಮ್ಮ. ಶನಿವಾರದೊಳಗೆ ಮಿಷನ್ನಿನಿಂದ ಚೀಟಿ ಬಂದು ಲಾರಿ ಗೇಟು ದಾಟಬೇಕು. ಇಲ್ಲದಿದ್ದರೆ ನಾನು ಈ ಹುಡುಗನ ವಿಷಯ ಯೋಚಿಸಲೇಬೇಕಾಗತ್ತೆ" ಎಂದರು.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಸರ್ವರಿನಲ್ಲಿ ಏನೂ ಉಳಿದಿಲ್ಲ, ಸರಿ. ಆದರೆ ಅದನ್ನು ಕೇಳುತ್ತಿದ್ದ ಸಣ್ಣ ಕಂಪ್ಯೂಟರುಗಳು ಅಲ್ಲಲ್ಲೇ ಇದ್ದವಲ್ಲ? ಒಂದೊಂದರಲ್ಲೂ ತಾನು ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬ ಅರ್ಧ ಸಂಗತಿ ಹಾಗೇ ಇತ್ತು. ಉಳಿದರ್ಧ ಅದರ ಮುಂದೆ ಕೂರುವವರ ಬಾಯಲ್ಲಿ. ಒಂದೊಂದೇ ಜಾಗಕ್ಕೆ ಹೋಗಿ ಕೇಳಿಕೊಂಡು ಬಂದು, ಇಲ್ಲಿ ಬರೆಯುತ್ತಾ ಹೋದರೆ ಆದೀತು ಎಂದುಕೊಂಡೆ.

ಮೊದಲು ಸ್ಟೋರಿಗೆ ಹೋದೆ. "ಸರೋಜಮ್ಮ, ನಿಮ್ಮ ಪ್ರಿಂಟು ಮುಂಚೆ ಹೇಗೆ ಬರ್ತಿತ್ತು ಹೇಳಿ" ಎಂದೆ. ಅವರು, "ನಂಗೆ ಕಣ್ಣು ಮಂಜು ಅಂತ ಅಕ್ಸರ ದಪ್ಪ ಬರೋ ಅಂಗೆ ಮಾಡ್ಕೊಟ್ಟಿದ್ದ ಕಣವ್ವ. ನಾನು ಕೇಳಿರ್ಲಿಲ್ಲ. ಒಂದಿನ ನಾನು ಕಾಗದಾನ ಮೂಗಿಗೆ ಇಡ್ಕಂಡು ಓದ್ತಿದ್ದೆ, ನೋಡ್ಬುಟ್ಟ. ಮಾರ್ನೆ ದಿನ ಬಂದ್ರೆ ಎಲ್ಲಾ ದಪ್ಪ" ಎಂದರು. ಸೆರಗು ಬಾಯಿಗೆ ಹೋಯಿತು. ನಾನು ಬರೆದುಕೊಂಡೆ: ಸ್ಟೋರು, ದಪ್ಪ ಅಕ್ಷರ.

ತೂಕದ ಮನೆಯಲ್ಲಿ ಗೇಟ್ ಚೀಟಿ ಒಂದು ಪ್ರತಿ ಹೆಚ್ಚಿಗೆ ಬರುತ್ತಿತ್ತಂತೆ. ಲಾರಿಯವರು ಒಂದನ್ನು ಬೀಡಿಯ ಜೊತೆ ಜೇಬಿನಲ್ಲಿಟ್ಟು ಕಳೆಯುತ್ತಾರೆ, ಮತ್ತೆ ಬಂದು ಗೋಗರೆಯುತ್ತಾರೆ ಎಂದು ನಮ್ಮ ಯಜಮಾನರು ಹಾಗೆ ಮಾಡಿದ್ದರು. ಅದನ್ನು ಹೇಳಿದವನು ಹೇಳುತ್ತಾ ಹೇಳುತ್ತಾ ಅವರು ಒಬ್ಬ ಡ್ರೈವರನ್ನು ಗದರಿಸಿದ್ದನ್ನು ಅಭಿನಯಿಸಿ ತೋರಿಸಿದ. ಕತ್ತು ವಾರೆ ಮಾಡಿ, ಪೆನ್ನು ಕಿವಿಗೆ ಸಿಕ್ಕಿಸಿ, ಅವರೇ ನಿಂತ ಹಾಗಿತ್ತು. ತಟ್ಟನೆ ನಾನು ಯಾರೆಂದು ನೆನಪಾಗಿ ಪೆನ್ನು ತೆಗೆದು, "ತಪ್ಪು ತಿಳ್ಕಬೇಡಿ ಅಕ್ಕ" ಎಂದ. "ಇಲ್ಲ, ಹೇಳಿ" ಎಂದೆ. ಅಲ್ಲಿಯವರೆಗೆ ಯಾರೂ ನನಗೆ ಹೇಳದೆ 'ಪಾಪ' 'ಪಾಪ' ಎಂದು ನುಂಗಿಕೊಂಡಿದ್ದನ್ನೆಲ್ಲ ಆ ವಾರ ಸೆಟಿಂಗಿನ ನೆಪದಲ್ಲಿ ಕೇಳಿಸಿಕೊಂಡೆ. ಕೆಲಸ ಕೇಳಿದರೆ ಜನ ಮಾತಾಡುತ್ತಾರೆ.

ಹಾಜರಿ ಆಫೀಸಿನ ರಾಚಪ್ಪ ಕೊನೆಯವರು. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. "ಒಂದು ಇಸ್ಯ ಅದೆ ಕಣವ್ವ. ಮ್ಯಾನೇಜರ್ ಸಾಹೇಬ್ರಿಗೆ ಗೊತ್ತಿಲ್ಲ. ಸಂಜೆ ಸೈರನ್ನು ಆಗೋದು ದೊಡ್ಡ ಮಿಷನ್ನಿನ ಗಡಿಯಾರ ನೋಡಿ. ಸರಿಯಾದ ಟೈಮ್ಗೆ ಆದ್ರೆ ಗೇಟಿಗೆ ಓಗೋದ್ರೊಳಗೆ ಕವಲಂದೆ ಬಸ್ಸು ಓಯ್ತದೆ. ಆ ಹೆಣ್ಮಕ್ಳು ಕತ್ಲಾಗೋವರ್ಗೂ ರಸ್ತೇಲಿ ನಿಂತ್ಕಬೇಕು. ಅದ್ಕೆ ಅವ್ನು ಗಡಿಯಾರಾನ ಒಂಚೂರು ಮುಂದ್ಕೆ ಇಟ್ಟಿದ್ದ. ಬೆಳಿಗ್ಗೆ ಬಸ್ಸು ಎಂಗೂ ಬೇಗ ಬತ್ತದೆ, ಯಾರ್ಗೂ ತೊಂದ್ರೆ ಇಲ್ಲ. ನೆನ್ನೆ ಎಲ್ರೂ ಬಸ್ ತಪ್ಪುಸ್ಕಂಡ್ರು."

ಕವಲಂದೆ ನನ್ನ ತವರು. ಆ ರಸ್ತೆಯ ಕತ್ತಲೆ ಹೇಗಿರುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಅವರಿಗೆ ಹೇಳಿದ್ದವಳು ನಾನೇ. ಅವರು ಮರೆತಿರುತ್ತಾರೆ ಎಂದುಕೊಂಡಿದ್ದೆ. ಎದ್ದು ಹೋಗಿ ಗಡಿಯಾರವನ್ನು ಮುಂದಕ್ಕಿಟ್ಟೆ.

ಶುಕ್ರವಾರ ಸಂಜೆಯ ಹೊತ್ತಿಗೆ ಎಲ್ಲ ಮುಗಿದು ಒಂದು ಉಳಿಯಿತು. ಎಲ್ಲ ಬಾಗಿಲೂ ತೆರೆಯುವ ಹೆಸರು ಯಾವುದು? "ಹಳೇ ಹೆಸರನ್ನೇ ಹಾಕಿಬಿಡಿ ಮೇಡಂ, ಚೀಟಿ ಎಲ್ಲ ಮುಂಚಿನ ಹಾಗೇ ಬರತ್ತೆ" ಎಂದ ಎಂಜಿನಿಯರ್. ರಾಚಪ್ಪನೂ ಅಲ್ಲೇ ನಿಂತಿದ್ದರು. "ಅವ್ನ ಎಸ್ರೇ ಇರ್ಲಿ ಬುಡವ್ವ. ದಿನಾ ಒಂದ್ಸಲ ಕಣ್ಗೆ ಬೀಳ್ತಿತ್ತು" ಎಂದರು.

ಬೆರಳು ರೂಢಿಯಂತೆ ತಾನಾಗಿ ಆ ಹೆಸರನ್ನು ಬರೆದಿತ್ತು. ಪರದೆಯ ಮೇಲೆ ಅದು ಮಿನುಗುವ ಗೆರೆಯ ಪಕ್ಕ ನಿಂತಿತ್ತು. ಇದೇ ಇದ್ದರೆ ಅವರು ನಾಳೆಯೂ ಕೆಲಸಕ್ಕೆ ಬರುತ್ತಾರೆ, ನಾಡಿದ್ದೂ ಬರುತ್ತಾರೆ. ನಾನು ಮಾತ್ರ ಬರುವುದಿಲ್ಲ. ಮಹೇಶ ಹೇಳಿದ ಮಾತು ಮತ್ತೆ ನಿಜವಾಗುತ್ತದೆ. ಸಂಗಮದಲ್ಲಿ ಬೇರೆಯವರು ಮಾಡಿ ಮುಗಿಸಿದ ಕೆಲಸ ಇಲ್ಲಿ ನನ್ನ ಪಾಲಿಗೆ ಬಂದಿತ್ತು. ಕೊನೆಯಿಂದ ಒಂದೊಂದೇ ಅಕ್ಷರ ಅಳಿಸಿದೆ. ಅವರು ಇದ್ದ ಜಾಗದಲ್ಲಿ ಮಣಿ ಎಂದು ಬರೆದೆ.

ಎಲ್ಲ ಸೆಟಿಂಗನ್ನೂ ಆಗಲೇ ಫ್ಲಾಪಿಗೆ ತೆಗೆದೆ. ಒಂದು ಆಫೀಸಿನ ಬೀರುವಿಗೆ, ಒಂದು ಮ್ಯಾನೇಜರ ಮನೆಗೆ, ಇನ್ನೊಂದು ನಮ್ಮ ಮನೆಗೆ. ಮಿಲ್ಲಿಗೆ ಬೆಂಕಿ ಬಿದ್ದರೂ ಒಂದು ಉಳಿಯಬೇಕು. ಶನಿವಾರ ಬೆಳಿಗ್ಗೆ ಮೊದಲ ಗೇಟ್ ಚೀಟಿ ಕಟಕಟ ಎಂದು ಬಂತು. ಡ್ರೈವರ್ ಅದನ್ನು ನೋಡದೆ ಜೇಬಿಗೆ ತುರುಕಿ ಲಾರಿ ಹತ್ತಿದ. ಹೆಚ್ಚಿನ ಪ್ರತಿಯನ್ನು ನಂಜಪ್ಪ ಎತ್ತಿಕೊಂಡು ಕೊನೆಯ ಸಾಲು ನೋಡಿದರು. ತುಂಬ ಹೊತ್ತು ನೋಡಿದರು.

"ನನ್ ಕೈಯಾರ ಆರಿಸ್ಬುಟ್ನಲ್ಲಾ ತಂಗಿ" ಎಂದರು.

"ನೀವು ಸ್ವಿಚ್ ಆರಿಸಿದ್ರಿ ಅಷ್ಟೆ ಅಣ್ಣ, ಆ ಹೆಸರು ತೆಗೆದದ್ದು ನಾನು" ಎಂದೆ.

ವೆಂಕಟೇಶಯ್ಯನವರು ದೀಪಾವಳಿಗೆ ಮುಂಚೆ ನನ್ನನ್ನು ಕಾಯಂ ಮಾಡಿದರು. ಆ ಕುರ್ಚಿಯಲ್ಲಿ ಮಿಲ್ಲು ಮುಚ್ಚುವವರೆಗೂ ಕೂತೆ. ಆದರೆ ಬ್ಯಾಂಕಿನ ಬೆಂಚಿನ ಮೇಲೆ ನೆನಪಾದದ್ದು ಅದಲ್ಲ, ಆ ಶನಿವಾರದ ಸಂಜೆ.

ಸೆಟಿಂಗ್ ಪರೀಕ್ಷೆಗೆಂದು ತೆಗೆದ ಪ್ರಿಂಟು ರಾಶಿ ಬಿದ್ದಿತ್ತು. ಕಟ್ಟಿಕೊಂಡು ಮನೆಗೆ ತಂದೆ. ದೀಪಾವಳಿಗೆ ಮನೆ ಒಪ್ಪ ಮಾಡುತ್ತಿದ್ದ ನಮ್ಮತ್ತೆ ಹಲಗೆಯ ಹಳೆಯ ಕಾಗದವನ್ನೆಲ್ಲ ಕಿತ್ತು ಒಲೆಗೆ ಹಾಕಿಯಾಗಿತ್ತು. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಹೊಸ ಕಾಗದ ಕೈಗೆ ತೆಗೆದುಕೊಂಡು, ಎಂದಿನಂತೆ ಕೊನೆಯ ಸಾಲು ಅಂಚಿಗೆ ಬರುವಂತೆ ಮಡಚಲು ಹೋದವರು ನಿಂತರು. ಬೆಳಕಿಗೆ ಹಿಡಿದು ನೋಡಿದರು.

"ಕೊನೇ ಸಾಲು ಗಿಡ್ಡ ಆಗದಲ್ಲವ್ವ?"

"ಹೌದು" ಎಂದೆ.

"ಇದ್ಯಾರ ಎಸ್ರು?"

"ನಂದು."

ಬೈಯುತ್ತಾರೆ ಎಂದುಕೊಂಡೆ. ಅಳುತ್ತಾರೆ ಎಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ. ಕಾಗದವನ್ನು ಬೆರಳಲ್ಲಿ ಒಮ್ಮೆ ಸವರಿದರು. "ಮಹೇಶ ಬಂದಿದ್ದ. ನಿಂಗೆ ಕೆಲ್ಸ ಗಟ್ಟಿ ಆಯ್ತದೆ ಅಂದ. ಆಗ್ಲಿ ಬುಡು" ಎಂದರು. ಆಮೇಲೆ ಉಪ್ಪಿನ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿದರು. ಅದರ ಕೆಳಗಿನ ಹಳೆಯ ಕಾಗದ ಉಪ್ಪಿನ ನೀರಿಳಿದು ಹಲಗೆಗೆ ಅಂಟಿಕೊಂಡಿತ್ತು. ಜಾಡಿಯ ಗುಂಡನೆಯ ಕಲೆ, ಅದರ ಅಂಚಿನಲ್ಲಿ ಆ ಉದ್ದನೆಯ ಸಾಲು, ಶಾಯಿ ಹರಡಿದ್ದರೂ ಓದಬಹುದಾಗಿತ್ತು.

"ಇದೊಂದು ಕೀಳಕ್ಕೆ ಬರ್ನಿಲ್ಲ ಕಣವ್ವ" ಎಂದರು. "ಏನಂತ ಅದೆ, ಓದು."

ನಮ್ಮತ್ತೆಗೆ ಅದು ಏನೆಂದು ಗೊತ್ತಿತ್ತು. ಆದರೂ ಕೇಳಿದರು. ಮದುವೆಯಾದಂದಿನಿಂದ ಬಾಯಲ್ಲಿ ಹೇಳದಿದ್ದ ಹೆಸರು.

"ಶಿವಮಲ್ಲು" ಎಂದೆ.

ಅಷ್ಟೇ ಹೇಳಿದ್ದು. ಹಲಗೆಯ ಕೆಳಗೆ ಕೂತೆ, ಯುಗಾದಿಯಿಂದ ಬಾರದ ಅಳು ಬಂತು, ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬರುವಷ್ಟು ಬಂತು. ನಮ್ಮತ್ತೆ ಯಾರನ್ನೂ ಒಳಗೆ ಬಿಡಲಿಲ್ಲ. ಹೊಸ ಕಾಗದವನ್ನು ಉಳಿದ ಹಲಗೆಗೆಲ್ಲ ಹಾಸಿ, ಉಪ್ಪಿನ ಜಾಡಿಯನ್ನು ಮಾತ್ರ ಹಳೆಯ ಕಾಗದದ ಮೇಲೇ ಇಟ್ಟರು.